ಸೋತವರ ರುಜು

ಎಂಟುನೂರು ಮೀಟರ್ ಓಟದಲ್ಲಿ ನಾನು ಮೂರು ವರ್ಷ ಎರಡನೆಯವಳಾಗಿ ಬಂದೆ, ಮೂರು ವರ್ಷವೂ ಒಬ್ಬಳ ಹಿಂದೆಯೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹನ್ನೊಂದು ವರ್ಷ ನಾನು ಇದನ್ನು ಯಾರ ಮುಂದೆಯೂ ಒಪ್ಪಿಕೊಳ್ಳಲಿಲ್ಲ. "ಜಟ್ಟಿ ಕೆಳಗೆ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅನ್ನೋ ಪೈಕಿ ನಮ್ಮ ಡ್ರಿಲ್ ಮೇಡಂ" ಎಂದು ಊರೆಲ್ಲ ಆಡಿಕೊಂಡಿತು. ಆಡಿಕೊಳ್ಳಲಿ. ನನಗೆ ಮೀಸೆ ಇಲ್ಲ, ಮಣ್ಣಂತೂ ಬೇಕಾದಷ್ಟು ತಿಂದಿದ್ದೇನೆ.

ನಮ್ಮೂರಲ್ಲಿ ಐದು ಕಾಲೇಜುಗಳು. ಕೆರೆ ಕಾಲೇಜು, ಗುಡ್ಡದ ಕಾಲೇಜು, ಸಂತೆ ಕಾಲೇಜು, ಗಡಿಯಾರದ ಕಾಲೇಜು, ಹುಣಸೆತೋಪಿನ ಕಾಲೇಜು. ಐದಕ್ಕೂ ಸೇರಿ ಇರುವುದು ಒಂದೇ ಆಟದ ಬಯಲು. ಪ್ರತಿ ಮಾಘದಲ್ಲಿ ಮೂರು ದಿನ ಅಲ್ಲಿ ಐದು ಕಾಲೇಜುಗಳ ಕೂಟ ನಡೆಯುತ್ತದೆ. ಆ ಮೂರು ದಿನ ಅಣ್ಣ ಒಂದು ಕಾಲೇಜು, ತಮ್ಮ ಇನ್ನೊಂದು ಕಾಲೇಜಾದರೆ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವುದಿಲ್ಲ. ಬಯಲಿನ ಪಶ್ಚಿಮದ ಅಂಚಿಗೆ ಕಪ್ಪು ಕಲ್ಲಿನ ದೊಡ್ಡ ಗೋಡೆ. ಅದನ್ನು ಐದು ಭಾಗ ಮಾಡಿದ್ದಾರೆ, ಕಾಲೇಜಿಗೊಂದು. ಆಯಾ ಕಾಲೇಜಿನಲ್ಲಿ ಓದಿ ಮುಂದೆ ದೊಡ್ಡ ಹೆಸರು ಮಾಡಿದವರ ಹೆಸರನ್ನು ಅಲ್ಲಿ ಕೆತ್ತುತ್ತಾರೆ. ಜಡ್ಜುಗಳು, ಶಸ್ತ್ರಚಿಕಿತ್ಸೆಯ ಡಾಕ್ಟರುಗಳು, ಪಿಟೀಲು ವಿದ್ವಾಂಸರು, ಜೇನುಹುಳದ ಮೇಲೆ ನಾಲ್ಕು ಸಂಪುಟ ಬರೆದವರು, ಎಲ್ಲರೂ ಇದ್ದಾರೆ. ಯಾರ ಭಾಗದಲ್ಲಿ ಹೆಸರು ಹೆಚ್ಚು ಎಂಬುದರ ಮೇಲೆ ನಮ್ಮೂರ ಚಹಾದಂಗಡಿಗಳಲ್ಲಿ ಲೋಟಗಳು ಒಡೆದದ್ದುಂಟು.

ಹೆಸರು ಮಾಡಿದರಷ್ಟೇ ಸಾಲದು. ಅವರು ಓದುವಾಗ ಕೂಟದಲ್ಲಿ ಆಡಿರಬೇಕು, ಒಂದಾದರೂ ಆಟ ಗೆದ್ದಿರಬೇಕು. ಅವರಿಗೆ ಸೋತವರಲ್ಲಿ ಬೇರೆ ಕಾಲೇಜಿನ ಒಬ್ಬರು, ಪ್ರತಿ ಕಾಲೇಜಿನ ಸಮಿತಿ ಇಟ್ಟುಕೊಂಡಿರುವ ಗೋಡೆಯ ಪುಸ್ತಕದಲ್ಲಿ 'ನಾನು ಇವರಿಗೆ ಸೋತಿದ್ದೇನೆ' ಎಂದು ಸ್ವಂತ ಕೈಯಿಂದ ಬರೆದು ರುಜು ಹಾಕಬೇಕು. ಈ ಕಟ್ಟಳೆ ಮಾಡಿದವನು ಯಾರೋ ತಿಳಿಯದು, ಆದರೆ ತಿಳಿದವನೇ ಇರಬೇಕು. ತಮ್ಮವರನ್ನು ತಾವೇ ಹೊಗಳಿದರೆ ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಸೋತವನು ಬಾಯಿಬಿಟ್ಟು ಹೇಳಿದರೆ ಅದಕ್ಕೆ ತೂಕ.

ಇನ್ನೊಂದು ವಿಷಯ. ಹೆಸರು ಗೋಡೆಗೆ ಏರಿದ ದಿನದಿಂದ ಊರಿನ ಯಾರಿಗೂ ಆ ಮನುಷ್ಯನ ಮುಖ ಗುರುತು ಸಿಗುವುದಿಲ್ಲ. ಮುಖದ ಹಿಂದೆಯೇ ದನಿಯೂ ಹೋಗುತ್ತದೆ. ಫೋಟೋದಲ್ಲಿ ನೋಡಿದರೂ ಯಾರೋ ಒಬ್ಬರು ನಿಂತಿದ್ದಾರೆ ಅನ್ನಿಸುತ್ತದೆ, ಅಷ್ಟೆ. ಇಂಥವರೇ ಎಂದು ಯಾರಾದರೂ ಹೇಳಿದರೆ ನಂಬಬಹುದು. ಆದರೆ ನಂಬುವುದೇ ಬೇರೆ, ಗುರುತು ಹಿಡಿಯುವುದೇ ಬೇರೆ.

ಊರು ಇದಕ್ಕೆ ಹೊಂದಿಕೊಂಡಿದೆ. ಗೋಡೆಯ ಮೇಲಿನವರು ಕೂಟಕ್ಕೆ ಬಂದಾಗ ಎದೆಗೆ ಹೆಸರಿನ ಬಿಲ್ಲೆ ಚುಚ್ಚಿಕೊಳ್ಳುತ್ತಾರೆ. ನಾವು ಬಿಲ್ಲೆ ಓದಿ ಹಾರ ಹಾಕುತ್ತೇವೆ. ಒಂದು ವರ್ಷ ಬಸ್ ಕಂಡಕ್ಟರೊಬ್ಬ ಬೆಂಚಿನ ಮೇಲೆ ಬಿದ್ದಿದ್ದ ಜಡ್ಜೊಬ್ಬರ ಬಿಲ್ಲೆ ಚುಚ್ಚಿಕೊಂಡು ವೇದಿಕೆ ಹತ್ತಿ, ಹಾರ ಹಾಕಿಸಿಕೊಂಡು, ಹೋಳಿಗೆ ಊಟ ಹೊಡೆದು, ಭಾಷಣವನ್ನೂ ಮಾಡಿ ಹೋದ. ಅಸಲಿ ಜಡ್ಜು ಸಾಹೇಬರಿಗಿಂತ ಅವನ ಭಾಷಣವೇ ಚೆನ್ನಾಗಿತ್ತು ಎಂದು ಜನ ಈಗಲೂ ಹೇಳುತ್ತಾರೆ. ಗಡಿಯಾರದ ಕಾಲೇಜಿನ ಚಿದಂಬರಯ್ಯನವರು ನಕ್ಷತ್ರಗಳ ಲೆಕ್ಕ ಹಾಕಿ ಹೆಸರಾದವರು, ಊರಲ್ಲೇ ಉಳಿದವರು. ಅವರ ಹೆಸರು ಏರಿದ ಮೇಲೆ ಹೆಂಡತಿ ಕಾಮಾಕ್ಷಮ್ಮನವರು ದಿನಾ ಸಂಜೆ ಬಾಗಿಲಿಗೆ ಅಡ್ಡ ನಿಂತು, "ನಮ್ಮ ಮದುವೆ ಪಾಯಸಕ್ಕೆ ಏನು ಕಮ್ಮಿಯಾಗಿತ್ತು?" ಎಂದು ಕೇಳುತ್ತಿದ್ದರು. "ಏಲಕ್ಕಿ" ಅಂದರೆ ಒಳಗೆ ಬಿಡುತ್ತಿದ್ದರು. ಆರು ತಿಂಗಳಾದ ಮೇಲೆ ಕೇಳುವುದನ್ನೂ ಬಿಟ್ಟರು. "ಕೈಕಾಲು ತೊಳ್ಕೊಂಡು ಸೀದಾ ಹಪ್ಪಳದ ಡಬ್ಬಕ್ಕೆ ಕೈ ಹಾಕಿದ್ರೆ ನಮ್ಮನೆಯವ್ರೇ ಅಲ್ವೇನ್ರೀ" ಎಂದು ನನ್ನ ಹತ್ತಿರ ಹೇಳಿಕೊಂಡು ನಗುತ್ತಿದ್ದರು. ನಕ್ಕಾದ ಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

ನಾನು ಕೆರೆ ಕಾಲೇಜಿನವಳು. ಹುಡುಗಿಯರ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಡ್ರಿಲ್ ಹೇಳಿಕೊಟ್ಟು ನಿವೃತ್ತಳಾದೆ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವವರೂ ಈಗ ಇಲ್ಲ. ಬಯಲಿಗೆ ಎದುರಾಗಿ ಎರಡು ಕೋಣೆಯ ಮನೆ. ಬೆಳಗ್ಗೆ ಎದ್ದರೆ ಆ ಮನೆಯಲ್ಲಿ ನನ್ನ ಜೊತೆ ಮಾತಾಡುವುದು ಕುಕ್ಕರ್ ಒಂದೇ, ಅದೂ ಮೂರು ಸಲ ಕೂಗಿ ಸುಮ್ಮನಾಗುತ್ತದೆ. ಹಾಲಿನವನು ಪ್ಯಾಕೆಟ್ಟನ್ನು ಗೇಟಿಗೆ ಸಿಕ್ಕಿಸಿ ಹೋಗುತ್ತಾನೆ. ಕೆಲವು ದಿನ ಸಂಜೆ ಅಂಗಡಿಯಲ್ಲಿ "ಅರ್ಧ ಕೇಜಿ ರವೆ" ಅಂದಾಗ ದನಿ ಒಡೆದು ಬರುತ್ತಿತ್ತು. ಆಗ ನೆನಪಾಗುತ್ತಿತ್ತು, ಇವತ್ತಿನ ಮೊದಲ ಮಾತು ಇದು ಎಂದು.

ವರ್ಷಕ್ಕೆ ಮೂರು ದಿನ ಮಾತ್ರ ಹಾಗಿರಲಿಲ್ಲ. ಕೂಟದ ಮೂರು ದಿನ ನಂಜಮ್ಮಣ್ಣಿ ಬರುತ್ತಿದ್ದಳು. ಗುಡ್ಡದ ಕಾಲೇಜಿನವಳು, ನನ್ನನ್ನು ಮೂರು ವರ್ಷ ಸೋಲಿಸಿದವಳು. ಬಾಗಿಲು ತಟ್ಟುವ ಶಾಸ್ತ್ರ ಅವಳಿಗೆ ಇರಲಿಲ್ಲ. ಚಪ್ಪಲಿ ಕಳಚಿ ಸೀದಾ ಅಡುಗೆಮನೆಗೆ ಬಂದು ರುಬ್ಬುಗುಂಡಿನ ಪಕ್ಕ ನೆಲಕ್ಕೆ ಕುಕ್ಕರಿಸಿ, "ಏನೇ ಸೆಕೆಂಡು, ಮೊಣಕಾಲು ಹೇಗಿದೆ? ಕಾಫಿ ಕೊಡು" ಅನ್ನುತ್ತಿದ್ದಳು. ಜಗತ್ತಿನಲ್ಲಿ ನನ್ನನ್ನು 'ಸೆಕೆಂಡು' ಅನ್ನುವ ಅಧಿಕಾರ ಇದ್ದದ್ದು ಅವಳೊಬ್ಬಳಿಗೇ. ಬೇರೆ ಯಾರಾದರೂ ಅಂದಿದ್ದರೆ ಸೌಟು ಎತ್ತುತ್ತಿದ್ದೆ.

ಅವಳು ಸಮುದ್ರದ ದೀಪಸ್ತಂಭಗಳಿಗೆ ದೀಪ ಮಾಡುವವಳು. ನಮ್ಮೂರಿಗೂ ಸಮುದ್ರಕ್ಕೂ ಮೂರು ಬಸ್ಸಿನ ದೂರ. ಆದರೂ ಹೇಗೋ ಅಲ್ಲಿ ಹೋಗಿ ಸೇರಿದ್ದಳು. ದಟ್ಟ ಮಂಜಿನಲ್ಲೂ ಕಾಣುವ ಒಂದು ದೀಪ ಕಂಡುಹಿಡಿದಳು. ಅದು ಬಂದ ಮೇಲೆ ಬಂಡೆಗೆ ಬಡಿದು ಒಡೆಯುವ ದೋಣಿಗಳು ತೀರಾ ಕಡಿಮೆಯಾದವಂತೆ. ಎಷ್ಟೋ ಮೀನುಗಾರರ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಅವಳ ಹೆಸರಿಟ್ಟಿದ್ದಾರೆ ಎಂದು ಪತ್ರಿಕೆಯಲ್ಲಿ ಓದಿದ್ದೇನೆ, ಅವಳು ಹೇಳಿದ್ದಲ್ಲ. ಅವಳು ಹೇಳುತ್ತಿದ್ದದ್ದು ಬೇರೆ. "ದೂರದಿಂದ ಎಲ್ಲಾ ದೀಪಾನೂ ಒಂದೇ ಥರ ಕಾಣುತ್ತೆ ಕಣೇ. ಒಂದೊಂದು ದೀಪ ಮಿಣುಕೋದು ಒಂದೊಂದು ಥರ. ಅದನ್ನ ನೋಡಿ ಇದು ಯಾವೂರಿನ ದೀಪ ಅಂತ ದೋಣಿಯವ್ರು ಗುರುತು ಹಿಡೀತಾರೆ." ನಾನು ಹೂಂ ಅನ್ನುತ್ತ ಕಾಫಿ ಸೋಸುತ್ತಿದ್ದೆ. ಮೂರು ದಿನ ಅವಳು ಮಾತಾಡುತ್ತಿದ್ದಳು, ನಾನು ಬೈಯುತ್ತಿದ್ದೆ. ಅದರ ರುಚಿಯ ಮೇಲೆ ಉಳಿದ ವರ್ಷ ದೂಡುತ್ತಿದ್ದೆ.

ಗುಡ್ಡದ ಕಾಲೇಜಿನ ಗೋಡೆ ಸಮಿತಿಗೆ ಕೊಟ್ರಯ್ಯ ಮೇಷ್ಟ್ರು ಕಾರ್ಯದರ್ಶಿ. ಸಸ್ಯಶಾಸ್ತ್ರ ಪಾಠ ಹೇಳುವ ಸಾಧು ಮನುಷ್ಯ. ನಂಜಿಯ ದೀಪ ಹೆಸರಾದ ವರ್ಷವೇ ಅವರು ಕೆಂಪು ಬಟ್ಟೆಯಲ್ಲಿ ಸುತ್ತಿದ ಗೋಡೆಯ ಪುಸ್ತಕ ಹಿಡಿದು ನನ್ನ ಮನೆಗೆ ಬಂದರು. ನಂಜಿ ಗೆದ್ದದ್ದು ಎಂಟುನೂರು ಮೀಟರ್ ಒಂದೇ. ಅದರಲ್ಲಿ ಅವಳಿಗೆ ಸೋತ ಬೇರೆ ಕಾಲೇಜಿನವರಲ್ಲಿ ಇಬ್ಬರು ತೀರಿಕೊಂಡಿದ್ದರು, ಒಬ್ಬಳು ಎಲ್ಲಿದ್ದಾಳೋ ಪತ್ತೆಯಿಲ್ಲ. ಉಳಿದವಳು ನಾನು.

"ಒಂದು ಸಾಲು ಬರೆದು ರುಜು ಹಾಕಿಬಿಡಿ ಮೇಡಂ, ನಿಮ್ಮ ಗೆಳತಿ ಅಲ್ವಾ" ಅಂದರು.

ನಾನು ಪೆನ್ನು ಕೈಗೆ ತೆಗೆದುಕೊಂಡೆ. ಆಗ ನನ್ನ ಕಣ್ಣು ಬಾಗಿಲಿಗೆ ಹೋಯಿತು. ಮೇಷ್ಟ್ರು ತಮ್ಮದನ್ನು ಗೇಟಿನ ಹತ್ತಿರವೇ ಕಳಚಿದ್ದರು, ಅಲ್ಲಿ ನನ್ನದೊಂದೇ ಜೊತೆ ಚಪ್ಪಲಿ ಇತ್ತು. "ನಾನು ಅವಳಿಗೆ ಸೋತಿಲ್ಲ" ಅಂದುಬಿಟ್ಟೆ.

"ಏನಂದ್ರಿ?"

"ಮೂರು ಸಲವೂ ಕೊನೆಯ ದಾರಕ್ಕೆ ಇಬ್ಬರ ಎದೆಯೂ ಒಟ್ಟಿಗೇ ತಾಗಿತ್ತು. ತೀರ್ಪು ಕೊಟ್ಟವರು ಗುಡ್ಡದ ಕಾಲೇಜಿನ ಕಡೆಯೋರು."

ಹೇಳುವಾಗಲೇ ನನಗೆ ನಾಚಿಕೆಯಾಯಿತು. ದಾರಕ್ಕೆ ಒಟ್ಟಿಗೆ ತಾಗುವುದಿರಲಿ, ಒಂದು ದಿನವೂ ನಾನು ಅವಳ ಪಕ್ಕಕ್ಕೆ ಬಂದದ್ದಿಲ್ಲ. ಮೂರು ವರ್ಷ ನಾನು ನೋಡಿದ್ದು ಅವಳ ಬೆನ್ನನ್ನೇ. ಎಡ ಹೆಗಲು ಒಂದಿಷ್ಟು ಮೇಲೆ, ಬಲ ಹಿಮ್ಮಡಿ ಪ್ರತಿ ಹೆಜ್ಜೆಗೂ ಹೊರಗೆ ಚಿಮ್ಮುವುದು, ಜಡೆ ಎಡಕ್ಕೆ ಎರಡು ಸಲ ಹಾರಿದರೆ ಬಲಕ್ಕೆ ಒಂದೇ ಸಲ. ಇನ್ನೇನು ಹಿಡಿದೆ ಅನ್ನುವಷ್ಟರಲ್ಲಿ ಆ ಹೆಗಲು ಇನ್ನಷ್ಟು ಮೇಲೇಳುತ್ತಿತ್ತು, ಅವಳು ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತಿದ್ದಳು. ಆ ಬೆನ್ನನ್ನು ಆಗ ನಾನು ಎಷ್ಟು ಶಪಿಸಿದ್ದೇನೋ ಲೆಕ್ಕವಿಲ್ಲ.

ಕೊಟ್ರಯ್ಯ ಮೇಷ್ಟ್ರು ಪ್ರತಿ ವರ್ಷ ಬಂದರು. ಪ್ರತಿ ವರ್ಷ ನಾನು ಅದೇ ದಾರದ ಕಥೆ ಹೇಳಿದೆ. ಅವರು ಕಾಫಿ ಕುಡಿದು, ಪುಸ್ತಕಕ್ಕೆ ಮತ್ತೆ ಕೆಂಪು ಬಟ್ಟೆ ಸುತ್ತಿಕೊಂಡು, "ಬರ್ತೀನಿ ಮೇಡಂ" ಎಂದು ಹೋಗುತ್ತಿದ್ದರು. ಊರು ನನ್ನನ್ನು ಹೊಟ್ಟೆಕಿಚ್ಚಿನವಳು ಅಂದಿತು. ಅದೇ ಒಳ್ಳೆಯದಾಯಿತು ಅಂದುಕೊಂಡೆ. ಒಂಟಿ ಮುದುಕಿ ಗೆಳತಿಯ ಮುಖಕ್ಕೆ ಆಸೆಪಟ್ಟು ಹೀಗೆ ಮಾಡುತ್ತಾಳೆ ಅನ್ನಿಸಿಕೊಳ್ಳುವುದಕ್ಕಿಂತ ಹೊಟ್ಟೆಕಿಚ್ಚಿನವಳು ಅನ್ನಿಸಿಕೊಳ್ಳುವುದು ಮರ್ಯಾದೆ ಅನ್ನಿಸಿತ್ತು. ಎಂಥ ಮರ್ಯಾದೆಯೋ ಏನೋ.

ನಂಜಿಗೆ ಇದು ಗೊತ್ತಿರಲಿಲ್ಲ, ಸಮಿತಿ ತನ್ನ ಹೆಸರನ್ನೇ ಎತ್ತಿಲ್ಲ ಅಂದುಕೊಂಡಿದ್ದಳು. ಕೊಟ್ರಯ್ಯನವರು ಹೇಳುವ ಜಾತಿಯವರಲ್ಲ, ಊರವರಿಗೆ ಅವಳ ಮುಂದೆ ಎತ್ತಲು ಸಂಕೋಚ. ಅವಳು ಬಂದಾಗಲೆಲ್ಲ ಮೂರನೆಯ ದಿನ ಬೆಳಗ್ಗೆ "ಒಂದು ಸುತ್ತು ನಡೆದು ಬರ್ತೀನಿ" ಎಂದು ಹೋಗಿ ಗೋಡೆಯ ಮುಂದೆ ನಿಲ್ಲುತ್ತಿದ್ದಳು. ನನ್ನ ಕಿಟಕಿಯಿಂದ ಕಾಣುತ್ತಿತ್ತು. ಕನ್ನಡಕ ಒರೆಸಿಕೊಂಡು ಗುಡ್ಡದ ಕಾಲೇಜಿನ ಭಾಗವನ್ನು ಮೇಲಿನಿಂದ ಕೆಳಗಿನವರೆಗೆ ಓದುತ್ತಿದ್ದಳು. ಓದಿ ಮುಗಿಸಿ, ಕೆಳಗೆ ಖಾಲಿ ಇದ್ದ ಕಲ್ಲಿನ ಮೇಲೆ ಒಮ್ಮೆ ಕೈಯಾಡಿಸಿ ಬರುತ್ತಿದ್ದಳು. ಒಂದು ವರ್ಷ ದೋಸೆ ತಿನ್ನುತ್ತ ತಟ್ಟನೆ ಕೇಳಿದಳು. "ಅಂಬು, ನಾನು ಅಂಥಾ ದೊಡ್ಡ ಕೆಲ್ಸ ಏನೂ ಮಾಡ್ಲಿಲ್ಲ, ಅಲ್ವಾ?"

"ತಿನ್ನು ಸುಮ್ನೆ, ದೋಸೆ ಆರುತ್ತೆ" ಅಂದೆ. ನನ್ನ ತಟ್ಟೆಯ ದೋಸೆಯನ್ನು ಕಾಗೆಗೆ ಹಾಕಿದೆ.

ಹೋದ ವರ್ಷದ ಕೂಟದಲ್ಲಿ ಎರಡನೆಯ ದಿನ ಮಧ್ಯಾಹ್ನ ನಾನು ಚಿತ್ರಾನ್ನ ಕಲಸುತ್ತಿದ್ದೆ. ನಂಜಿ ಬಯಲಿನಿಂದ ಬಂದವಳು ರುಬ್ಬುಗುಂಡಿನ ಹತ್ತಿರ ಕೂರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಗುಡ್ಡದ ಕಾಲೇಜಿನ ಶಾಮಿಯಾನದಲ್ಲಿ ಯಾರೋ ಹುಡುಗಿ ಕೇಳಿದ್ಲು, ನಿಮ್ಮ ಹೆಸರು ಏರದ ಹಾಗೆ ತಡೆದಿರೋ ಆ ಡ್ರಿಲ್ ಮೇಡಂ ಮನೇಲೇ ನೀವು ಇಳ್ಕೊಳ್ಳೋದಂತೆ, ಹೌದಾ ಅಂತ" ಅಂದಳು. "ಹನ್ನೊಂದು ವರ್ಷ ಅಂಬು. ದಾರಕ್ಕೆ ಒಟ್ಟಿಗೆ ತಾಗಿತ್ತು ಅಂತ ಹೇಳಿದ್ಯಂತೆ. ನಿನಗೆ ಇಷ್ಟು ಹೊಟ್ಟೆಕಿಚ್ಚಾ? ನಾನು ಪ್ರತಿ ವರ್ಷ ಅಲ್ಲಿ ಹೋಗಿ ನಿಂತಾಗ ನೀನು ಇಲ್ಲಿ ಕಿಟಕೀಲಿ ನೋಡ್ತಾ ಇದ್ದೆ, ಅಲ್ವಾ?"

ನಾನು ಕೈಗೆ ಅಂಟಿದ ಅನ್ನ ತೊಳೆದುಕೊಂಡೆ. ಬೇಕಾದಷ್ಟು ಹೊತ್ತು ತೊಳೆದೆ. ಆಮೇಲೆ ಹೇಳಿದೆ. "ಹೊಟ್ಟೆಕಿಚ್ಚಲ್ಲ ಕಣೇ. ವರ್ಷಕ್ಕೆ ಮೂರು ದಿನ ಈ ಮನೆ ಬಾಗಿಲಲ್ಲಿ ಇನ್ನೊಂದು ಜೊತೆ ಚಪ್ಪಲಿ ಇರುತ್ತೆ. ನಿನ್ನ ಹೆಸರು ಏರಿದ್ರೆ ಆ ಚಪ್ಪಲಿ ಯಾರದು ಅಂತ ನನಗೆ ತಿಳಿಯಲ್ಲ. ನನಗೆ ನೀನು ಬಿಟ್ರೆ ಯಾರಿದ್ದಾರೆ ಹೇಳು? ಆ ಕಲ್ಲಿಗೆ ನಿನ್ನನ್ನ ಕೊಡೋಕೆ ನನಗೆ ಮನಸ್ಸು ಬರ್ಲಿಲ್ಲ."

ಅವಳು ಚೌಕಟ್ಟಿನಿಂದ ಕೈ ತೆಗೆದಳು. ನಂತರ ಬಂದು ನೆಲಕ್ಕೆ ಕುಳಿತಳು. "ಮೊದಲೇ ಬೊಗಳೋಕೆ ಏನಾಗಿತ್ತು ನಿನಗೆ?" ಅಂದಳು. "ಏರಿದ್ರೆ ಏರಲಿ ಬಿಡು. ಗುರುತು ಸಿಗದಿದ್ರೆ ನಾನೇ ಬಂದು ನಾನು ನಂಜಿ ಅಂತ ಹೇಳ್ತೀನಿ. ಅದೇನು ಮಹಾ?"

ಗೆದ್ದವರು ಹೀಗೇ. ಹಿಂದೆ ಬರುವವರಿಗೆ ಏನಾಗುತ್ತಿದೆ ಎಂದು ಅವರು ತಿರುಗಿ ನೋಡಿರುವುದಿಲ್ಲ. ಆದರೆ ಊಟ ಮಾಡುತ್ತ ಅವಳೇ ಮತ್ತೆ, "ರುಜು ಹಾಕ್ಬೇಡ ಹೋಗು, ಈ ವಯಸ್ಸಲ್ಲಿ ಕಲ್ಲು ಕಟ್ಕೊಂಡು ಏನು ಮಾಡ್ಲಿ" ಅಂದಳು. ಹೇಳಿದ್ದು ಬಾಯಿ. ಕಣ್ಣು ಕಿಟಕಿಯಾಚೆ ಗೋಡೆಯ ಮೇಲಿತ್ತು. ದೋಣಿಯವರ ಮಕ್ಕಳಿಗೆಲ್ಲ ಇವಳ ಹೆಸರು ಸಿಕ್ಕಿದೆ, ಇವಳು ಹುಟ್ಟಿದ ಊರಲ್ಲಿ ಮಾತ್ರ ಒಂದು ಗೀಟೂ ಇಲ್ಲ. ಹನ್ನೊಂದು ವರ್ಷ ಇವಳಿಗೆ ತನ್ನ ಬದುಕಿನ ಮೇಲೇ ಅನುಮಾನ ಬರುವಂತೆ ಮಾಡಿದವಳು ನಾನು. ನನಗೇ ನನ್ನ ಮೇಲೆ ಹೇಸಿಗೆಯಾಯಿತು.

ಅವಳು ಊಟವಾದ ಮೇಲೆ ಒರಗಿದಳು. ನಾನು ಚಪ್ಪಲಿ ಮೆಟ್ಟಿಕೊಂಡು ಗುಡ್ಡದ ಕಾಲೇಜಿನ ಶಾಮಿಯಾನಕ್ಕೆ ಹೋದೆ. ಕೊಟ್ರಯ್ಯ ಮೇಷ್ಟ್ರು ಉದ್ದ ಜಿಗಿತದ ಅಳತೆ ಬರೆದುಕೊಳ್ಳುತ್ತಿದ್ದವರು ನನ್ನನ್ನು ನೋಡಿ ಎದ್ದು ನಿಂತರು. "ಪುಸ್ತಕ ಕೊಡಿ" ಅಂದೆ. ಅವರು ನಿಧಾನವಾಗಿ ಬಟ್ಟೆ ಬಿಚ್ಚಿದರು. ಸುತ್ತ ಗುಡ್ಡದ ಕಾಲೇಜಿನ ಹುಡುಗ ಹುಡುಗಿಯರೆಲ್ಲ ಕತ್ತು ಚಾಚಿ ನೋಡಿದರು. ನಾನು ಬರೆದೆ. 'ನಾನು ಇವರಿಗೆ ಸೋತಿದ್ದೇನೆ. ಮೂರು ಸಲ.' ಮೂರು ಸಲ ಎಂದು ಬರೆಯುವ ಅಗತ್ಯವಿರಲಿಲ್ಲ. ಆದರೂ ಬರೆದೆ. ಕೊಟ್ರಯ್ಯನವರು ಓದಿ, ಕನ್ನಡಕ ತೆಗೆದು, "ಕಲ್ಲುಕುಟಿಗನಿಗೆ ನಾಡಿದ್ದು ಬೆಳಗ್ಗೆ ಬರೋಕೆ ಹೇಳ್ತೀನಿ ಮೇಡಂ. ನಾಳೆ ಇನ್ನೊಂದು ದಿನ ಇರುತ್ತೆ" ಅಂದರು. ಹನ್ನೊಂದು ವರ್ಷವೂ ಅವರಿಗೆ ನಿಜ ಗೊತ್ತಿತ್ತು ಎಂದು ಆಗ ನನಗೆ ತಿಳಿಯಿತು.

ಆ ಇನ್ನೊಂದು ದಿನ ನಾನು ಅವಳ ಮುಖವನ್ನು ಉರುಹೊಡೆದೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ ಕೂಡ. ಎಡ ಹುಬ್ಬಿನ ಮೇಲೆ ಸೀಳಿದ ಗುರುತು. ಮುಂದಿನ ಒಂದು ಹಲ್ಲು ಚೂರು ಮುರಿದಿದೆ. ಬಲ ಕಿವಿಯ ಹಿಂದೆ ಎರಡು ಮಚ್ಚೆ. ನಕ್ಕರೆ ಗಲ್ಲದಲ್ಲಿ ಗುಳಿ, ಎಡಕ್ಕೆ ಮಾತ್ರ. "ಏನೇ ಹಂಗೆ ನೋಡ್ತೀಯ, ಹೆಣ್ಣು ನೋಡೋಕೆ ಬಂದಿರೋ ಅತ್ತೆ ಥರ?" ಎಂದು ಅವಳು ನಕ್ಕಳು. ಗುಳಿ ಎಡಕ್ಕೇ ಬಿತ್ತು. ಸಂಜೆ ಬಸ್ಸು ಹತ್ತುವಾಗ ಕಿಟಕಿಯಿಂದ ಕೈ ಹೊರಗೆ ಹಾಕಿ ನನ್ನ ಕೈ ಹಿಡಿದುಕೊಂಡಳು. ಬಸ್ಸು ಹೊರಟು ಹತ್ತು ಮಾರು ಹೋಗುವ ತನಕ ಬಿಡಲಿಲ್ಲ, ನಾನೂ ಜೊತೆಗೆ ಓಡಿದೆ.

ಮರುದಿನ ಬೆಳಗ್ಗೆ ಒಲೆಯ ಮುಂದೆ ನಿಂತಾಗ ಬಯಲಿನ ಕಡೆಯಿಂದ ಉಳಿಯ ಸದ್ದು ಕೇಳಿತು. ಟಕ್, ಟಕ್, ಟಕ್. ಹನ್ನೊಂದು ಗಂಟೆಗೆ ನಿಂತಿತು. ನಾನು ಹೋಗಿ ಗೂಡಿನಲ್ಲಿದ್ದ ಫೋಟೋ ನೋಡಿದೆ. ಬಹುಮಾನದ ಮೂರು ಮೆಟ್ಟಿಲು. ಎರಡನೆಯದರ ಮೇಲೆ ಮೂತಿ ಊದಿಸಿಕೊಂಡು ನಿಂತಿದ್ದವಳು ನಾನು. ಒಂದನೆಯದರ ಮೇಲೆ ಯಾರೋ ಒಬ್ಬ ಹುಡುಗಿ ನಿಂತಿದ್ದಳು.

ಆ ವರ್ಷ ಹೇಗೆ ಕಳೆಯಿತೋ ಹೇಳಲು ಏನೂ ಇಲ್ಲ. ನಂಜಿ ಎಂಬ ಹೆಸರು ನೆನಪಿತ್ತು, ಅವಳು ಆಡಿದ ಮಾತೆಲ್ಲ ನೆನಪಿತ್ತು. ಆದರೆ ನೆನಪಿನಲ್ಲಿ ಆ ಮಾತು ಆಡುವವಳಿಗೆ ಮುಖವಿರಲಿಲ್ಲ, ದನಿಯಿರಲಿಲ್ಲ. ಅವಳು ಬರೆದ ಎರಡು ಕಾಗದ ಬಂದವು. ಓದಿದೆ. ಬ್ಯಾಂಕಿನಿಂದ ಬಂದ ಕಾಗದದಷ್ಟೇ ಬೆಚ್ಚಗಿದ್ದವು. ಉತ್ತರ ಬರೆಯಲು ಕೂತು 'ಪ್ರಿಯ ನಂಜಿ' ಎಂದು ಬರೆದು, ಯಾರಿಗೆ ಬರೆಯುತ್ತಿದ್ದೇನೆ ಎಂದು ತಿಳಿಯದೆ ಮಡಚಿಟ್ಟೆ. ಮುಂಚೆ ಒಂಟಿಯಾಗಿದ್ದಾಗ ಕಾಯಲು ಒಬ್ಬಳಿದ್ದಳು. ಈಗ ಅದೂ ಇರಲಿಲ್ಲ.

ಈ ಮಾಘದಲ್ಲಿ ಕೂಟದ ಮೊದಲ ದಿನ ವೇದಿಕೆಯ ಮೇಲೆ ಅವಳಿಗೆ ಹಾರ ಹಾಕಿದರು. ನಾನು ಜನರ ನಡುವೆ ನಿಂತು ಚಪ್ಪಾಳೆ ತಟ್ಟಿದೆ. ಬೂದು ಸೀರೆ ಉಟ್ಟ, ಎದೆಗೆ ಬಿಲ್ಲೆ ಚುಚ್ಚಿಕೊಂಡ, ಗೌರವಸ್ಥೆ. ಮಧ್ಯಾಹ್ನ ಅವರು ನನ್ನ ಮನೆಗೆ ಬಂದರು. ಬಾಗಿಲು ತಟ್ಟಿದರು.

"ಅಂಬು, ನಾನು. ನಂಜಿ" ಅಂದರು.

"ಬನ್ನಿ, ಬನ್ನಿ, ಒಳಗೆ ಬನ್ನಿ" ಅಂದೆ. ಬೇಕೆಂದು ಹಾಗೆ ಅಂದದ್ದಲ್ಲ. ನಾಲಿಗೆಗೆ ಬೇರೆ ಮಾತು ಬರಲಿಲ್ಲ. ಗುರುತಿಲ್ಲದವರನ್ನು ಬಾರೇ ಅನ್ನುವುದು ಹೇಗೆ? ಅವರು ಅಡುಗೆಮನೆಯ ಕಡೆ ಒಂದು ಹೆಜ್ಜೆ ಇಟ್ಟವರು, ನಾನು ಕುರ್ಚಿ ಎಳೆದದ್ದನ್ನು ಕಂಡು ಅದರ ಮೇಲೇ ಕೂತರು. ಕೈಯಲ್ಲಿ ಒಣಗಿಸಿದ ಮುರುಗಲ ಸಿಪ್ಪೆಯ ಪೊಟ್ಟಣವಿತ್ತು. ನಂಜಿ ಪ್ರತಿ ವರ್ಷ ಸಾರಿಗೆ ಹುಳಿ ಹಾಕಲೆಂದು ಸಮುದ್ರದ ಕಡೆಯಿಂದ ತರುತ್ತಿದ್ದದ್ದು ಅದನ್ನೇ.

"ಇದೆಲ್ಲ ಯಾಕೆ ತರೋಕೆ ಹೋದ್ರಿ" ಅಂದೆ.

ಅವರ ಮುಖ ಸಣ್ಣದಾಯಿತು. ನನಗೆ ಕಂಡಿತು, ಆದರೆ ಬಸ್ಸಿನಲ್ಲಿ ಎದುರು ಸೀಟಿನವರಿಗೆ ಹಾಗಾದರೆ ನಮಗೆ ಎಷ್ಟು ನೋವಾಗುತ್ತದೋ ಅಷ್ಟೇ ನನಗಾಯಿತು. ಅವರು ಕಾಫಿ ಕುಡಿಯುವಾಗ ನಾನು ನೋಟ್‌ಬುಕ್ಕು ನೆನೆಸಿಕೊಂಡು ಕಳ್ಳತನದಿಂದ ನೋಡಿದೆ. ಹುಬ್ಬಿನ ಗುರುತು ಇತ್ತು. ಹಲ್ಲು ಮುರಿದಿತ್ತು. ಕಿವಿಯ ಹಿಂದೆ ಮಚ್ಚೆ ಎರಡು. ಪಟ್ಟಿಯಲ್ಲಿದ್ದದ್ದೆಲ್ಲ ತಾಳೆಯಾಯಿತು. ಆದರೂ ಒಳಗೆ ಏನೂ ಅಲ್ಲಾಡಲಿಲ್ಲ. ನನ್ನ ಪ್ರಾಣ ಎದುರು ಕೂತಿದೆ ಎಂದು ಬುದ್ಧಿಗೆ ಗೊತ್ತು, ಆದರೆ ನನಗೆ ಹೊಳೆಯುತ್ತಿದ್ದದ್ದು ಇವರಿಗೆ ಚಕ್ಕುಲಿ ಕೊಡಲೋ ಬೇಡವೋ ಎಂಬುದು ಮಾತ್ರ.

"ಮೊಣಕಾಲು ಹೇಗಿದೆ?" ಎಂದು ಕೇಳಿದರು.

"ಪರವಾಗಿಲ್ಲ. ನಿಮ್ಮ ಆರೋಗ್ಯ?"

ಅವರು ಲೋಟ ಕೆಳಗಿಟ್ಟರು. ಕಿಟಕಿಯಾಚೆ ಗೋಡೆಯನ್ನು ನೋಡಿದರು, ಅಲ್ಲಿ ಅವರ ಹೆಸರು ಹೊಸದಾಗಿ ಹೊಳೆಯುತ್ತಿತ್ತು. "ಅದೇನು ಮಹಾ ಅಂದಿದ್ದೆ ನಾನು" ಎಂದು ತಮಗೆ ತಾವೇ ಹೇಳಿಕೊಂಡಂತೆ ಅಂದರು. ಆಮೇಲೆ, "ಮೂರು ದಿನ ಇರೋಣ ಅಂತ ಬಂದಿದ್ದೆ. ಬೇಡ. ನಾಲ್ಕು ಗಂಟೆ ಬಸ್ಸಿಗೆ ಹೊರಡ್ತೀನಿ. ನಿಮಗೂ ತೊಂದರೆ" ಅಂದರು. ಅವರೂ 'ನಿಮಗೂ' ಅಂದರು. ಸುಳ್ಳೇಕೆ ಹೇಳಲಿ, ನನಗೆ ಹಗುರವಾಯಿತು. ಮನೆಗೆ ಬಂದ ಅಪರಿಚಿತರು ಹೊರಟು ನಿಂತಾಗ ಆಗುವಂಥ ಹಗುರ.

ಬಾಗಿಲ ತನಕ ಹೋಗಿ ಕುಂಕುಮ ಕೊಟ್ಟೆ. ಅವರು ಚಪ್ಪಲಿ ಮೆಟ್ಟಿಕೊಂಡು, ಚೀಲ ಹೆಗಲಿಗೆ ಹಾಕಿಕೊಂಡು, ತಿರುಗಿ ನೋಡದೆ ಬಯಲಿಗೆ ಇಳಿದರು. ಬಸ್ ನಿಲ್ದಾಣಕ್ಕೆ ಬಯಲಿನ ಓಟದ ದಾರಿಯ ಮೇಲೇ ಹಾಯ್ದು ಹೋಗಬೇಕು. ಆ ಹೊತ್ತಿಗೆ ಅಲ್ಲಿ ಓಟವಿರಲಿಲ್ಲ, ಎಲ್ಲರೂ ಆಚೆ ಬದಿಯ ಕಬಡ್ಡಿಗೆ ಸೇರಿದ್ದರು. ನಾನು ಬಾಗಿಲು ಹಾಕಲು ಕೈ ಚಾಚಿದೆ.

ಹಾಕಲಾಗಲಿಲ್ಲ. ಸುಣ್ಣದ ಗೆರೆಯ ಮೇಲೆ ಒಂದು ಬೆನ್ನು ಹೋಗುತ್ತಿತ್ತು. ಎಡ ಹೆಗಲು ಒಂದಿಷ್ಟು ಮೇಲೆ. ಬಲ ಹಿಮ್ಮಡಿ ಹೆಜ್ಜೆ ಹೆಜ್ಜೆಗೂ ಹೊರಗೆ ಚಿಮ್ಮುತ್ತಿತ್ತು. ನರೆತ ಸಣ್ಣ ಜಡೆ, ಎಡಕ್ಕೆ ಎರಡು ಸಲ, ಬಲಕ್ಕೆ ಒಂದು ಸಲ. ಅಯ್ಯೋ ದೇವರೇ! ಅದು ನಂಜಿ. ಬಿಲ್ಲೆ ಬೇಡ, ನೋಟ್‌ಬುಕ್ಕು ಬೇಡ, ಯಾರೂ ಹೇಳುವುದೂ ಬೇಡ. ಅದು ನಂಜಿ, ನನ್ನ ನಂಜಿ, ನನ್ನನ್ನು ಬಿಟ್ಟು ಹೋಗುತ್ತಿದ್ದಾಳೆ.

ಅರವತ್ತಮೂರು ವರ್ಷದ ಮೊಣಕಾಲು ಹೊತ್ತುಕೊಂಡು ನಾನು ಬರಿಗಾಲಲ್ಲಿ ಓಡಿದೆ. ಕೂಗೋಣವೆಂದರೆ ದನಿ ಏಳಲಿಲ್ಲ. ಅವಳ ನಡಿಗೆ ನನ್ನ ಓಟಕ್ಕಿಂತ ಚುರುಕು, ಹಾಳಾದವಳು ಮೊದಲಿಂದಲೂ ಹಾಗೇ. ತಿರುವಿನ ಹತ್ತಿರ ನಾಲ್ಕು ಹೆಜ್ಜೆಯ ಅಂತರಕ್ಕೆ ಬಂದಾಗ ಉಸಿರು ಸಿಕ್ಕಿತು.

"ನಂಜೀ! ಏ ನಂಜೀ, ನಿಂತ್ಕೊಳ್ಳೇ!"

ಅವಳು ಗಕ್ಕನೆ ನಿಂತಳು. ಆ ಎಡ ಹೆಗಲು ಈ ಕಡೆ ತಿರುಗತೊಡಗಿತು.

"ತಿರುಗಬೇಡ ಕಣೇ!" ಎಂದು ಕಿರುಚಿದೆ. "ದಮ್ಮಯ್ಯ, ತಿರುಗಬೇಡ! ಮುಖ ನೋಡಿದ್ರೆ ಮತ್ತೆ ಹೋಗಿಬಿಡ್ತೀಯ. ಬೆನ್ನು ಗೊತ್ತಿದೆ ನನಗೆ. ಮೂರು ವರ್ಷ ಅದನ್ನೇ ಅಲ್ವೇನೇ ನೋಡಿದ್ದು!"

ಹೆಗಲು ಅಲ್ಲೇ ನಿಂತಿತು. ಬೆನ್ನು ಅಲುಗಾಡತೊಡಗಿತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಹಿಂದಿನಿಂದ ತಿಳಿಯುವುದಿಲ್ಲ. ಆ ಕಡೆಗೇ ಮುಖ ಮಾಡಿಕೊಂಡು ಹೇಳಿದಳು. "ಏನೇ ಸೆಕೆಂಡು, ಇಷ್ಟು ಹೊತ್ತು ಬೇಕಾಯ್ತಾ?"

ದನಿಯೂ ಅವಳದೇ. ನಾನು ಆ ಸುಣ್ಣದ ಗೆರೆಯ ಮೇಲೆ ಕೂತು ಅತ್ತುಬಿಟ್ಟೆ. "ನೀನು ಯಾವತ್ತು ನಿಧಾನಕ್ಕೆ ಹೋಗಿದ್ದೆ ನಾನು ಬೇಗ ಬರೋಕೆ?" ಅಂದೆ. "ಬಸ್ಸು ಹಾಳಾಗಲಿ. ಮನೆಗೆ ನಡಿ."

"ಹೇಗೇ ನಡೀಲಿ? ಮನೆ ನಿನ್ನ ಹಿಂದಿದೆ. ತಿರುಗಬೇಡ ಅಂತೀಯ."

ಅದೂ ನಿಜ. ಇಬ್ಬರೂ ಸ್ವಲ್ಪ ಹೊತ್ತು ಯೋಚಿಸಿದೆವು. ಆಮೇಲೆ ಅವಳೇ, "ಎದ್ದೇಳು. ಓಟದ ದಾರಿ ದುಂಡಗಿದೆ. ಪೂರ್ತಿ ಸುತ್ತು ಹಾಕಿದ್ರೆ ನಿನ್ನ ಮನೆ ಬಾಗಿಲ ಎದುರಿಗೇ ಬರುತ್ತೆ" ಅಂದಳು. ಹಾಗೆ ನಾವು ಸುತ್ತು ಹಾಕಿದೆವು, ಅವಳು ಮುಂದೆ, ನಾನು ನಾಲ್ಕು ಹೆಜ್ಜೆ ಹಿಂದೆ. ಕಬಡ್ಡಿಯ ಜನ ತಿರುಗಿ ನೋಡಿದರು. ನೋಡಿಕೊಳ್ಳಲಿ. ಅವಳು ಮಾತಾಡುತ್ತ ನಡೆದಳು, ನಾನು ಬೈಯುತ್ತ ನಡೆದೆ. ಮನೆಗೆ ಬಂದು ಅವಳು ಅಡುಗೆಮನೆಯ ಗೋಡೆಯ ಕಡೆ ಮುಖ ಮಾಡಿ ರುಬ್ಬುಗುಂಡಿನ ಪಕ್ಕ ಕೂತಳು. ಕಾಫಿಯನ್ನು ಹಿಂದಿನಿಂದ, ಅವಳ ಹೆಗಲ ಮೇಲಿಂದ ಕೊಟ್ಟೆ. ಅವಳ ಮುಖ ನನಗೆ ಇನ್ನು ಸಿಗುವುದಿಲ್ಲ, ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಆದರೆ ಮೂರು ದಿನ ನನ್ನ ಬಾಗಿಲಲ್ಲಿ ಎರಡು ಜೊತೆ ಚಪ್ಪಲಿ ಇದ್ದವು.